ವೇಗವೊಂದೇ ಗುಣಮಟ್ಟವಲ್ಲ: ಧ್ವನಿ, ಚಿತ್ರ ಸಂವಹನ ಮತ್ತು ವ್ಯಾಪಾರಸ್ಥರು

ಚಂದಗುಳಿಯ ಬೆಳೆಗಾರನೊಬ್ಬನು ಚಾಲಿ ಅಡಿಕೆಯನ್ನು ಕತ್ತರಿಸಿ, ಮೊಬೈಲ್ ವಿಡಿಯೊ ಕರೆಯಲ್ಲಿ ಶಿರಸಿಯ ವ್ಯಾಪಾರಿಗೆ ತೋರಿಸುತ್ತಾನೆಂದು ಭಾವಿಸೋಣ. ವ್ಯಾಪಾರಿಯು ಅದೇ ಕರೆಗೆ ಗುಜರಾತಿನ ಖರೀದಿದಾರನನ್ನೂ ಸೇರಿಸಿಕೊಂಡಿದ್ದಾನೆ. ದರ ಹೇಳುವ ಹೊತ್ತಿಗೆ ಸರಿಯಾಗಿ ಧ್ವನಿ ತುಂಡಾಗುತ್ತದೆ. ಕ್ವಿಂಟಾಲಿಗೆ 500 ರೂಪಾಯಿ ತಪ್ಪಾಗಿ ಕೇಳಿಸಿದರೆ 40 ಕ್ವಿಂಟಾಲಿನ ವ್ಯವಹಾರದಲ್ಲಿ 20,000 ರೂಪಾಯಿಯ ತಕರಾರು ಹುಟ್ಟುತ್ತದೆ. ಆದ್ದರಿಂದ ಸಂವಹನ ಸೇವೆಯ ಗುಣಮಟ್ಟವು ಕೇವಲ ತಂತ್ರಜ್ಞರ ವಿಷಯವಲ್ಲ. ಅದು ಲಾಭ-ನಷ್ಟದ ಲೆಕ್ಕಕ್ಕೂ ಸೇರಿದ್ದು.

ಈ ಒಂದು ಕರೆಯು ಮೊಬೈಲ್ ಗೋಪುರ, ಆಪ್ಟಿಕಲ್ ಫೈಬರ್, ಅಂಗಡಿಯ ವೈ-ಫೈ ಹೀಗೆ ಬೇರೆ ಬೇರೆ ಜಾಲಗಳನ್ನು ದಾಟುತ್ತದೆ. ಗುಡ್ಡ, ಕಣಿವೆ, ದಟ್ಟ ಮರಗಳ ನಡುವೆ ಮೊಬೈಲ್ ಸಂಕೇತವು ಕ್ಷೀಣಿಸುವುದು ಸಹಜ. ಇಡೀ ಕರೆಯ ಗುಣಮಟ್ಟವನ್ನು ನಿರ್ಧರಿಸುವುದು ಈ ಸರಪಳಿಯ ಅತಿ ದುರ್ಬಲ ಕೊಂಡಿಯೇ.

ನಾಲ್ಕು ಅಳತೆಗಳು

ಗುಣಮಟ್ಟವನ್ನು ವೇಗ, ವಿಳಂಬ, ವಿಳಂಬದ ಏರಿಳಿತ ಮತ್ತು ಮಾಹಿತಿ ನಷ್ಟ ಎಂಬ ನಾಲ್ಕು ಅಂಶಗಳಿಂದ ಅಳೆಯಲಾಗುತ್ತದೆ. ಭಾರತದಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ಡೌನ್‌ಲೋಡ್ ವೇಗವು 2004ರಲ್ಲಿ ಸೆಕೆಂಡಿಗೆ 256 ಕಿಲೊಬಿಟ್ ಇದ್ದುದು, 2013ರಲ್ಲಿ 512 ಕಿಲೊಬಿಟ್‌ಗೆ, 2023ರಲ್ಲಿ 2 ಮೆಗಾಬಿಟ್‌ಗೆ ಏರಿತು. ಆದರೆ ಮಾದರಿ ತೋರಿಸುವವನಿಗೆ ಮುಖ್ಯವಾದುದು ಅಪ್‌ಲೋಡ್ ವೇಗ.

ಧ್ವನಿಗೆ ಹೆಚ್ಚಿನ ವೇಗ ಬೇಡ. ಸಾಂಪ್ರದಾಯಿಕ ಡಿಜಿಟಲ್ ದೂರವಾಣಿಗೆ 64 ಕಿಲೊಬಿಟ್ ಸಾಕಾಗುತ್ತಿತ್ತು. ಅದಕ್ಕೆ ಬೇಕಾದುದು ಸಮಯಪಾಲನೆ. ಏಕಮುಖ ವಿಳಂಬವು ಸೆಕೆಂಡಿನ ಸಾವಿರದ 150 ಭಾಗದೊಳಗಿರುವುದು ಉತ್ತಮವೆಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಸುಮಾರು 36,000 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹಕ್ಕೆ ಹೋಗಿ ಇಳಿಯುವಷ್ಟರಲ್ಲೇ ಸಂಕೇತಕ್ಕೆ ಅಂಥ 240 ಭಾಗ ಹಿಡಿಯುತ್ತದೆ. ಅಲ್ಲಿ ವೇಗ ಎಷ್ಟಿದ್ದರೂ ಮಾತು ತಡವಾಗುತ್ತದೆ. ದಾಖಲೆಯ ಸಂಗತಿ ಬೇರೆ. ಕಳೆದುಹೋದ ತುಣುಕನ್ನು ಮತ್ತೆ ತರಿಸಿಕೊಳ್ಳಬಹುದು. ತಡವಾಗಿ ಬಂದ ಧ್ವನಿಯ ತುಣುಕಾದರೋ ನಿರುಪಯುಕ್ತ.

ಆದ್ಯತೆಯ ಮಿತಿ

ಧ್ವನಿಯ ತುಣುಕುಗಳಿಗೆ ಗುರುತು ಹಚ್ಚಿ ಮೊದಲ ಆದ್ಯತೆ ನೀಡುವ ಅಂತರ್ಜಾಲ ಪದ್ಧತಿಯು 1998ರಲ್ಲಿ ರೂಪುಗೊಂಡಿತು. ಆದರೆ ಒಂದು ಜಾಲದ ಗುರುತನ್ನು ಮತ್ತೊಂದು ಜಾಲವು ಮನ್ನಿಸಲೇಬೇಕೆಂದಿಲ್ಲ. ಆದ್ದರಿಂದ ಸಣ್ಣ ಉದ್ಯಮಿಯು ತನ್ನ ಕೈಯಲ್ಲಿರುವುದನ್ನು ಮೊದಲು ಸರಿಪಡಿಸಿಕೊಳ್ಳುವುದು ಲೇಸು.

1. ಅಂಗಡಿಯ ರೂಟರ್‌ನಲ್ಲಿ ಕರೆಗಳಿಗೆ ಆದ್ಯತೆ ನೀಡಬೇಕು; ಕರೆಯ ಹೊತ್ತಿನಲ್ಲಿ ದೊಡ್ಡ ಕಡತಗಳನ್ನು ಕಳುಹಿಸಬಾರದು.

2. ಸಂಪರ್ಕ ದುರ್ಬಲವಾದಾಗ ವಿಡಿಯೊ ನಿಲ್ಲಿಸಿ ಧ್ವನಿಯನ್ನು ಉಳಿಸಿಕೊಳ್ಳಬೇಕು. ಅಡಿಕೆಯ ಬಣ್ಣ ತೋರಿಸಲು ಸ್ಥಿರಚಿತ್ರವೇ ಉತ್ತಮ. 2 ಮೆಗಾಬೈಟ್‌ನ ಚಿತ್ರವು 256 ಕಿಲೊಬಿಟ್ ವೇಗದಲ್ಲಿಯೂ ಸುಮಾರು ಒಂದು ನಿಮಿಷದಲ್ಲಿ ತಲುಪುತ್ತದೆ.

3. ಎರಡನೆಯ ಸಂಪರ್ಕವು ಬೇರೆ ಮಾರ್ಗದ್ದಾಗಿರಬೇಕು. ಎರಡು ಬಿಲ್ಲು, ಒಂದೇ ಕೇಬಲ್ಲು ಎಂದಾದರೆ ಅದು ಮುಂಜಾಗ್ರತೆಯಲ್ಲ.

4. ಗುತ್ತಿಗೆ ಸಂಪರ್ಕ ಪಡೆಯುವಾಗ ಅಪ್‌ಲೋಡ್ ವೇಗ, ವಿಳಂಬ, ದುರಸ್ತಿಯ ಅವಧಿ ಹಾಗೂ ಲೋಪಕ್ಕೆ ಪರಿಹಾರ ಇವು ಕರಾರಿನಲ್ಲಿ ಬರಹರೂಪದಲ್ಲಿರಬೇಕು. ಬಿಲ್ಲಿನಲ್ಲಿ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ನಮೂದಾಗಿರುವುದನ್ನೂ ಖಚಿತಪಡಿಸಿಕೊಳ್ಳಬೇಕು.

5. ದರ, ತೂಕ, ದರ್ಜೆಗಳನ್ನು ಕರೆ ಮುಗಿದೊಡನೆ ಲಿಖಿತ ಸಂದೇಶದಲ್ಲಿ ದೃಢಪಡಿಸಬೇಕು. ವಿದ್ಯುನ್ಮಾನ ರೂಪದಲ್ಲಿ ಏರ್ಪಟ್ಟಿತೆಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗದೆಂದು 2000ರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10-ಎ ಕಲಮು ಹೇಳುತ್ತದೆ.

ಖಾಸಗಿ ಕಂಪನಿ ನಡೆಸುವವರಿಗೆ ಇನ್ನೊಂದು ಹೊಣೆಯೂ ಇದೆ. 2013ರ ಕಂಪನಿ ಕಾಯ್ದೆಯ 173ನೆಯ ಕಲಮಿನಂತೆ ನಿರ್ದೇಶಕರು ವಿಡಿಯೊ ಮೂಲಕ ಸಭೆಯಲ್ಲಿ ಭಾಗವಹಿಸಬಹುದು. ಆದರೆ ಅವರನ್ನು ಗುರುತಿಸಲು ಮತ್ತು ನಡಾವಳಿಯನ್ನು ದಾಖಲಿಸಲು ಸಾಧ್ಯವಿರಬೇಕು. ಕೇಳಿಸದ ಮಾತಿಗೆ ಸಮ್ಮತಿಯೆಂದು ಬರೆಯುವಂತಿಲ್ಲ.

ಜಾಲವು ಎಂದಾದರೊಮ್ಮೆ ಕೈಕೊಡುವುದು ನಿಶ್ಚಿತ. ಯಾವ ಸಂದೇಶಕ್ಕೆ ಯಾವ ದಾರಿ ತಕ್ಕದ್ದೆಂದು ಮೊದಲೇ ನಿರ್ಧರಿಸಿಕೊಂಡವನಿಗೆ ಅದರಿಂದಾಗುವ ನಷ್ಟವು ಕಡಿಮೆ.