‘ಫ್ಲೇವಿಯಾ’: ಒಂದು ಸ್ತ್ರೀನಾಮದ ವಿವೇಚನೆ

ಮಂಗಳೂರಿನ ಕ್ರೈಸ್ತ ಮನೆತನಗಳಲ್ಲಿ ಕೇಳಿಬರುವ ‘ಫ್ಲೇವಿಯಾ’ ಎಂಬ ಸ್ತ್ರೀನಾಮವು ಲ್ಯಾಟಿನ್ ಮೂಲದ್ದು. ‘ಫ್ಲಾವುಸ್’ ಎಂದರೆ ಹೊಂಬಣ್ಣದ್ದು. ಕೂದಲಿನ ಬಣ್ಣಕ್ಕೂ ಈ ವಿಶೇಷಣ ಸಲ್ಲುತ್ತಿತ್ತು. ಇದರಿಂದ ‘ಫ್ಲಾವಿಯುಸ್’ ಎಂಬ ರೋಮನ್ ಕುಲನಾಮ ಹುಟ್ಟಿತು. ‘ಫ್ಲಾವಿಯಾ’ ಅದರ ಸ್ತ್ರೀರೂಪ.

ಅರ್ಥದ ದೃಷ್ಟಿಯಿಂದ ಕನ್ನಡದ ‘ಹೊನ್ನಮ್ಮ’ ಇದಕ್ಕೆ ಸಮೀಪದ ಹೆಸರು. ಆದರೆ ಈ ಸಾಮ್ಯವು ಪದಾರ್ಥಕ್ಕಷ್ಟೇ ಸೀಮಿತವಾದುದು. ರೋಮಿನಲ್ಲಿ ಗಂಡಿಗೆ ಕುಲನಾಮದೊಂದಿಗೆ ಸ್ವಂತ ಹೆಸರೂ ಇರುತ್ತಿತ್ತು. ಹೆಣ್ಣಿಗಾದರೋ ಸಾಮಾನ್ಯವಾಗಿ ತಂದೆಯ ಕುಲನಾಮದ ಸ್ತ್ರೀರೂಪವೇ ಹೆಸರು. ಅಕ್ಕತಂಗಿಯರನ್ನು ಹಿರಿಯಳು, ಕಿರಿಯಳು, ಮೂರನೆಯವಳು ಎಂದು ಗುರುತಿಸುತ್ತಿದ್ದುದುಂಟು. ಕ್ರಿ.ಶ. 69ರಿಂದ 79ರವರೆಗೆ ಆಳಿದ ಚಕ್ರವರ್ತಿ ವೆಸ್ಪಾಸಿಯನನ ಪತ್ನಿ, ಮಗಳು, ಮೊಮ್ಮಗಳು ಮೂವರ ಹೆಸರೂ ‘ಫ್ಲಾವಿಯಾ ದೊಮಿತಿಲ್ಲಾ’. ಇವರಲ್ಲಿ ಮೊಮ್ಮಗಳನ್ನು ಚಕ್ರವರ್ತಿ ದೊಮಿತಿಯನನು ಗಡೀಪಾರು ಮಾಡಿದನು. ಕ್ರೈಸ್ತ ಪರಂಪರೆಯು ಆಕೆಯನ್ನು ಸಂತಳೆಂದು ಗೌರವಿಸಿತು. ಚರಿತ್ರೆಯಲ್ಲಿ ಈ ಮೂವರನ್ನು ಪ್ರತ್ಯೇಕಿಸಲು ಹೆಸರೊಂದೇ ಸಾಲದು. ಯಾರ ಪತ್ನಿ, ಯಾರ ಮಗಳು ಎಂಬುದನ್ನೂ ಹೇಳಬೇಕಾಗುತ್ತದೆ.

ಇದಕ್ಕೆ ಪ್ರತಿಯಾಗಿ ‘ಹದಿಬದೆಯ ಧರ್ಮ’ದ ಕರ್ತೃ, 17ನೆಯ ಶತಮಾನದ ಸಂಚಿಯ ಹೊನ್ನಮ್ಮನನ್ನು ನೆನೆಯಬಹುದು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಕೆಯ ಸಂಚಿಯನ್ನು ಹಿಡಿಯುತ್ತಿದ್ದ ಆಕೆಯ ಹೆಸರಿನಲ್ಲಿ ಇರುವುದು ತಂದೆಯ ಕುಲವಲ್ಲ, ಆಕೆಯದೇ ಕಾಯಕ.

ರೋಮಿನ ಈ ಕುಲನಾಮವು ಮಂಗಳೂರಿನಲ್ಲಿ ಜ್ಞಾನಸ್ನಾನದ ಹೆಸರಾಗಿ ಬೇರೆ ಮನೆತನದ ಹೆಸರುಗಳ ಹಿಂದೆ ಬಂದು ನಿಂತಿದೆ. ಕುಲವನ್ನು ಸೂಚಿಸುತ್ತಿದ್ದ ಶಬ್ದವು ಇಲ್ಲಿ ವ್ಯಕ್ತಿಯನ್ನು ಸೂಚಿಸುತ್ತದೆ. ಮಹಿಳೆಯರ ಹಕ್ಕುಗಳಿಗಾಗಿ ದುಡಿದ ವಕೀಲೆ ಫ್ಲೇವಿಯಾ ಆಗ್ನೆಸ್ ಅವರ ಹೆಸರನ್ನು ಕೇಳಿದಾಗ ರೋಮನ್ ಕುಲವೊಂದು ಯಾರಿಗೂ ನೆನಪಾಗುವುದಿಲ್ಲ. ವ್ಯಕ್ತಿನಾಮಗಳ ಅಧ್ಯಯನವು ‘ಹೊಂಬಣ್ಣದವಳು’ ಎಂಬ ನಿಘಂಟಿನ ಅರ್ಥಕ್ಕೆ ನಿಂತುಬಿಟ್ಟರೆ, ಹೆಣ್ಣಿಗೆ ತನ್ನದೇ ಹೆಸರು ದೊರೆತ ಈ ಚರಿತ್ರೆ ಮರೆಯಾಗುತ್ತದೆ.