ಕೀಲಿ ಕಳೆದ ಚಕ್ರ

ಹೊನ್ನಾವರ ತಾಲ್ಲೂಕಿನ ಇಡಗುಂಜಿಯ ಮಹಾಗಣಪತಿಯು ವಿಘ್ನಗಳನ್ನು ಕಳೆಯುವವನೆಂದು ಪ್ರಸಿದ್ಧ. ಆದರೆ ಕಳೆದ ಮಳೆಗಾಲದಲ್ಲಿ ಅವನ ದರ್ಶನಕ್ಕೆಂದು ಹೊರಟ ನಮಗೆ ದಾರಿಯಲ್ಲಿಯೇ ಒಂದು ವಿಘ್ನ ಒದಗಿತು. ರಾಷ್ಟ್ರೀಯ ಹೆದ್ದಾರಿ 66ನ್ನು ಬಿಟ್ಟು ಇಡಗುಂಜಿಯ ಕಡೆಗೆ ಸ್ವಲ್ಪ ದೂರ ಬಂದಿದ್ದೆವು. ಎದುರಿನ ಬಸ್ಸಿಗೆ ದಾರಿ ಕೊಡಲು ರಸ್ತೆಯ ಅಂಚಿಗೆ ಸರಿದಾಗ ಚೂಪಾದ ಚಿರೇಕಲ್ಲೊಂದು ಟಯರಿನ ಪಕ್ಕವನ್ನು ಸೀಳಿಬಿಟ್ಟಿತು. ಮೊಳೆ ಚುಚ್ಚಿದ ರಂಧ್ರವಾಗಿದ್ದರೆ ಚಕ್ರವನ್ನು ಬಿಚ್ಚದೆಯೇ ಮುಚ್ಚಬಹುದಿತ್ತು. ಪಕ್ಕ ಸೀಳಿದ ಟಯರಿಗೆ ಆ ಉಪಾಯವಿಲ್ಲ. ಸ್ಟೆಪ್ನಿಯನ್ನು ಹೊರತೆಗೆದು ಪಾನವನ್ನು ಹಿಡಿದೆ. ಚಕ್ರದ ನಾಲ್ಕು ನಟ್ಟುಗಳಲ್ಲಿ ಮೂರು ಸಾಮಾನ್ಯವಾದವು. ನಾಲ್ಕನೆಯದು ಮಾತ್ರ ದುಂಡಗೆ, ನುಣ್ಣಗೆ, ತಲೆಯ ಮೇಲೆ ಹೂವಿನಾಕಾರದ ತೋಡೊಂದನ್ನು ಹೊತ್ತು ಕುಳಿತಿತ್ತು. ಅದು ಬೀಗದ ನಟ್ಟು. ಕಾರನ್ನು ನಾನು ಮತ್ತೊಬ್ಬರಿಂದ ಕೊಂಡಿದ್ದೆ; ಆ ನಟ್ಟಿನ ಕೀಲಿ ನನ್ನಲ್ಲಿರಲಿಲ್ಲ.

ಬೆಲೆಬಾಳುವ ಮಿಶ್ರಲೋಹದ ಚಕ್ರಗಳನ್ನು ಕಳ್ಳರು ಬಿಚ್ಚಿ ಒಯ್ಯದಿರಲೆಂದು ಪ್ರತಿ ಚಕ್ರಕ್ಕೂ ಇಂತಹ ಒಂದೊಂದು ನಟ್ಟನ್ನು ಹಾಕುವ ರೂಢಿಯಿದೆ. ಆರು ಮೂಲೆಯ ಪಾನಕ್ಕೆ ಅದರಲ್ಲಿ ಹಿಡಿತ ಸಿಕ್ಕುವುದಿಲ್ಲ. ತೋಡಿಗೆ ಸರಿಹೊಂದುವ ಉಬ್ಬುಳ್ಳ ಒಂದು ಸಣ್ಣ ಉಕ್ಕಿನ ತುಂಡನ್ನು ನಡುವೆ ಇಟ್ಟರೆ ಮಾತ್ರ ಪಾನವು ಅದನ್ನು ತಿರುಗಿಸಬಲ್ಲದು. ಆ ತುಂಡೇ ಕೀಲಿ.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಮನೆಯ ಬಾಗಿಲಿನ ಬೀಗದೊಳಗೆ ಅಗುಳಿಯೊಂದು ಅಡ್ಡಬಂದಿರುತ್ತದೆ. ಕೀಲಿಯು ಅದನ್ನು ಸರಿಸುತ್ತದೆ. ಬೀಗದ ನಟ್ಟಿನೊಳಗೆ ಅಂತಹ ಅಗುಳಿ ಯಾವುದೂ ಇಲ್ಲ. ಉಳಿದ ಮೂರು ನಟ್ಟುಗಳನ್ನು ಯಾವುದು ಹಿಡಿದಿದೆಯೋ ಅದೇ ಇದನ್ನೂ ಹಿಡಿದಿದೆ. ಅದು ಘರ್ಷಣೆ. ಕೀಲಿಯು ಕೇವಲ ಒಂದು ಹಿಡಿಕೆ.

ತಿರುಪೆಂದರೆ ಕಂಬಕ್ಕೆ ಸುತ್ತಿದ ಇಳಿಜಾರಲ್ಲದೆ ಬೇರೇನೂ ಅಲ್ಲ. ಅನೇಕ ಕಾರುಗಳ ಚಕ್ರದ ಸ್ಟಡ್ಡು 12 ಮಿಲಿಮೀಟರು ದಪ್ಪವಿದ್ದು, ಒಂದು ಸುತ್ತಿಗೆ ನಟ್ಟು 1.5 ಮಿಲಿಮೀಟರು ಮುಂದೆ ಸಾಗುತ್ತದೆ. ಲೆಕ್ಕ ಹಾಕಿದರೆ ಈ ಇಳಿಜಾರಿನ ಓರೆ ಸುಮಾರು 2.5 ಡಿಗ್ರಿ ಮಾತ್ರ. ಉಕ್ಕಿನ ಮೇಲೆ ಇಟ್ಟ ಉಕ್ಕು ತಾನಾಗಿ ಜಾರಬೇಕಾದರೆ ಓರೆಯು ಸುಮಾರು 8 ಡಿಗ್ರಿಯಾದರೂ ಇರಬೇಕು. ಆದುದರಿಂದಲೇ ಬಿಗಿದ ನಟ್ಟು ಬಿಗಿದಂತೆಯೇ ನಿಲ್ಲುತ್ತದೆ. ಘರ್ಷಣೆಯು ಒತ್ತುವ ಬಲಕ್ಕೆ ಅನುಪಾತದಲ್ಲಿರುತ್ತದೆಂದು ಫ್ರಾನ್ಸಿನ ಅಮಾಂಟಾನ್ಸ್ 1699ರಲ್ಲಿಯೇ ತಿಳಿಸಿದನು. ಸುಮಾರು 110 ನ್ಯೂಟನ್-ಮೀಟರು ಟಾರ್ಕಿನಿಂದ, ಎಂದರೆ ತಿರುಚುಬಲದಿಂದ, ಬಿಗಿದ ಒಂದು ನಟ್ಟು ಚಕ್ರವನ್ನು ಒತ್ತುವ ಬಲ ನಾಲ್ಕು ಟನ್ನಿನ ಭಾರಕ್ಕೂ ಮಿಗಿಲು. ನಾವು ವ್ಯಯಿಸುವ ಶ್ರಮದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಸ್ಟಡ್ಡನ್ನು ಎಳೆದು ಬಿಗಿಯುತ್ತದೆ. ಉಳಿದುದೆಲ್ಲ ಘರ್ಷಣೆಗೆ ಸಲ್ಲುತ್ತದೆ.

ಇದಕ್ಕೆ ಕರಾವಳಿಯ ಹವೆಯೂ ಜೊತೆಗೂಡುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ಈ ಸೀಮೆಯಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಬೇಡುವುದರಿಂದ, ಥ್ರೆಡ್ಡಿನ ಸಂದುಗಳಲ್ಲಿ ಬೆಣೆಯಂತೆ ಬಿಗಿದುಕೊಳ್ಳುತ್ತದೆ.

ಇಷ್ಟನ್ನೆಲ್ಲ ತರಗತಿಯಲ್ಲಿ ಬೋಧಿಸುವ ನಾನು ಅಂದು ಮಾಡಿದ್ದೇನು? ಸುಲಭವಾಗಿ ಬಂದ ಮೂರು ನಟ್ಟುಗಳನ್ನು ಮೊದಲು ಸಡಿಲಿಸಿ, ಅನಂತರ ನಾಲ್ಕನೆಯದರ ಚಿಂತೆಗೆ ತೊಡಗಿದೆ! ದಾರಿಹೋಕರೊಬ್ಬರು ಕರೆತಂದ ಮೆಕ್ಯಾನಿಕ್ಕು ಚಕ್ರವನ್ನು ನೋಡಿದವನೇ, "ಮಾಸ್ತರೇ, ಉಳಿದ ಮೂರನ್ನ ಯಾಕೆ ಸಡ್ಲ ಮಾಡಿದ್ರಿ? ಈಗ ಭಾರ ಎಲ್ಲಾ ಇದೊಂದರ ಮೇಲೇ ಬಿತ್ತಲ್ಲ!" ಎಂದನು. ನಾನು ನಾಚಿದೆನು, ಅವನ ಮಾತು ಶುದ್ಧ ಭೌತಶಾಸ್ತ್ರವಾಗಿತ್ತು. ಉಳಿದವು ಸಡಿಲವಾದಾಗ ಚಕ್ರವು ವಾಲಿ, ಬಿಗಿದ ಒಂದೇ ನಟ್ಟನ್ನು ಓರೆಯಾಗಿ ಎಳೆಯುತ್ತದೆ. ಉಳಿದವು ಬಿಗಿಯಾಗಿದ್ದರೆ ಅವು ಒತ್ತಡವನ್ನು ಹಂಚಿಕೊಂಡು ಬೀಗದ ನಟ್ಟಿನ ಹೊರೆಯನ್ನು ಇಳಿಸುತ್ತವೆ. ಆತನು ಮೂರನ್ನೂ ಮತ್ತೆ ಬಿಗಿದ ಮೇಲೆಯೇ ಕೆಲಸಕ್ಕೆ ಕೈಹಚ್ಚಿದನು. ಬೀಗದ ನಟ್ಟನ್ನು ಬಿಚ್ಚುವಾಗ ಮೊದಲು ಬಿಚ್ಚಬೇಕು, ಹಾಕುವಾಗ ಕೊನೆಗೆ ಹಾಕಬೇಕು.

ಅವನ ಉಪಾಯ ಸರಳವಾಗಿತ್ತು. ನಟ್ಟಿನ ತಲೆಗಿಂತ ಕೂದಲೆಳೆಯಷ್ಟು ಕಿರಿದಾದ, ಒಳಗೆ ಹನ್ನೆರಡು ಮೂಲೆಗಳಿದ್ದ ಹಳೆಯ ಸಾಕೆಟ್ಟೊಂದನ್ನು ಆರಿಸಿ, ಸುತ್ತಿಗೆಯಿಂದ ನಾಲ್ಕಾರು ಪೆಟ್ಟು ಕೊಟ್ಟು ನಟ್ಟಿನ ಮೇಲೆ ಕೂರಿಸಿದನು. ಮೂಲೆಗಳು ನುಣುಪಾದ ಲೋಹದಲ್ಲಿ ಕಚ್ಚಿಕೊಂಡು, ಇಲ್ಲದ ಹಿಡಿತ ಉಂಟಾಯಿತು. ಪೆಟ್ಟಿನ ಅದುರಿಗೆ ತುಕ್ಕಿನ ಪದರವೂ ಬಿರಿಯಿತು. ಬಳಿಕ ಪಾನದ ಹಿಡಿಗೆ ಕಬ್ಬಿಣದ ಕೊಳವೆಯನ್ನು ತೊಡಿಸಿದನು. 25 ಸೆಂಟಿಮೀಟರಿನ ಹಿಡಿಯ ಮೇಲೆ 400 ನ್ಯೂಟನ್ ಬಲ ಹಾಕಿದರೆ 100 ನ್ಯೂಟನ್-ಮೀಟರು ದೊರೆಯುತ್ತದೆ. 75 ಸೆಂಟಿಮೀಟರಾದರೆ ಅದೇ ಬಲದಿಂದ 300 ದೊರೆಯುತ್ತದೆ. 'ಟಕ್' ಎಂಬ ಸದ್ದಿನೊಡನೆ ನಟ್ಟು ಅಲುಗಿತು. ಮುಂದಿನದು ಸುಲಭ, ಚಲಿಸುತ್ತಿರುವ ಮೇಲ್ಮೈಗಳ ಘರ್ಷಣೆಯು ನಿಂತ ಮೇಲ್ಮೈಗಳದಕ್ಕಿಂತ ಕಡಿಮೆ.

ಈ ಉಪಾಯ ಫಲಿಸದಿದ್ದರೆ ಬೇರೆ ದಾರಿಗಳಿವೆ. ಒಳಗೆ ಎಡಸುತ್ತಿನ ಹರಿತ ತೋಡುಗಳುಳ್ಳ ಸಾಕೆಟ್ಟುಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಬಿಚ್ಚುವ ದಿಕ್ಕಿಗೆ ತಿರುಗಿಸಿದಷ್ಟೂ ಅವು ಹೆಚ್ಚು ಕಚ್ಚುತ್ತವೆ. ತಲೆಯ ಸುತ್ತ ಸಡಿಲವಾಗಿ ತಿರುಗುವ ಬಳೆಯುಳ್ಳ ನಟ್ಟಾದರೆ ಮೊದಲು ಆ ಬಳೆಯನ್ನು ತೆಗೆಯಬೇಕು. ಇಲ್ಲವಾದರೆ ಬಳೆ ತಿರುಗುವುದೇ ಹೊರತು ನಟ್ಟಲ್ಲ. ತಲೆಗೆ ಬೇರೊಂದು ನಟ್ಟನ್ನು ಬೆಸೆದು ತಿರುಗಿಸುವುದೂ ಉಂಟು. ಅದು ವೆಲ್ಡಿಂಗ್ ಬಲ್ಲವರ ಕೆಲಸ; ಕಾದ ಚಕ್ರದ ಮೇಲಿನ ಗಾಳಿ ತುಂಬಿದ ಟಯರು ಸಿಡಿದು ಪ್ರಾಣಾಪಾಯ ಉಂಟಾಗಬಲ್ಲದು. ಬೈರಿಗೆಯಿಂದ ಕೊರೆಯುವುದು ಎಲ್ಲಕ್ಕೂ ಕಡೆಯ ಮಾರ್ಗ.

ಕೆಲವು ಎಚ್ಚರಿಕೆಗಳು ಅವಶ್ಯ. ಚಕ್ರವು ನೆಲದ ಮೇಲಿರುವಾಗಲೇ ನಟ್ಟನ್ನು ಸಡಿಲಿಸಬೇಕು. ಜಾಕಿಯ ಮೇಲೆ ನಿಂತ ಕಾರನ್ನು ಬಲವಾಗಿ ಎಳೆದರೆ ಅದು ಉರುಳಬಹುದು. ಹ್ಯಾಂಡ್ ಬ್ರೇಕ್ ಹಾಕಿ, ಬೇರೆ ಚಕ್ರಗಳಿಗೆ ಕಲ್ಲು ಕೊಡಬೇಕು. ಗಡಸು ಉಕ್ಕಿನ ಚೂರು ಸಿಡಿಯುವುದರಿಂದ ಕಣ್ಣಿಗೆ ಕನ್ನಡಕವಿರಬೇಕು. ಪೆಟ್ಟುಗಳು ಮಿತವಾಗಿರಬೇಕು, ಅತಿಯಾದರೆ ಚಕ್ರದ ಬೇರಿಂಗಿಗೆ ಹಾನಿ. ಇಷ್ಟಕ್ಕೆಲ್ಲ ಮುನ್ನ ಸ್ಟೆಪ್ನಿಯ ಗುಂಡಿ, ಸಾಮಾನಿನ ಚೀಲ, ಡ್ಯಾಶ್‌ಬೋರ್ಡಿನ ಖಾನೆ ಇವುಗಳಲ್ಲಿ ಕೀಲಿಯನ್ನು ಹುಡುಕುವುದು ಜಾಣತನ. ಕೀಲಿಯೊಡನೆ ಬಂದ ಚೀಟಿಯಲ್ಲಿ ಸಂಕೇತ ಸಂಖ್ಯೆಯಿದ್ದರೆ ಹೊಸದನ್ನು ತರಿಸಬಹುದು.

ನಾವು ಇಡಗುಂಜಿಯನ್ನು ಸೇರಿದಾಗ ದೀಪ ಹಚ್ಚುವ ಹೊತ್ತಾಗಿತ್ತು. ಮರುದಿನವೇ ಉಳಿದ ಮೂರು ಚಕ್ರಗಳ ಬೀಗದ ನಟ್ಟುಗಳನ್ನೂ ತೆಗೆಸಿ ಸಾಮಾನ್ಯ ನಟ್ಟುಗಳನ್ನು ಹಾಕಿಸಿದೆ. ಒಂದು ಹಳೆಯ ಸಾಕೆಟ್ಟು, ಒಂದು ಸುತ್ತಿಗೆ, ಒಂದು ಕೊಳವೆ ಕಾಲು ಗಂಟೆಯಲ್ಲಿ ಬಿಡಿಸುವ ಬೀಗವು ಕಳ್ಳನನ್ನು ಎಷ್ಟು ಹೊತ್ತು ತಡೆದೀತು? ಆದರೆ ಮಳೆಯಲ್ಲಿ, ಮಕ್ಕಳೊಡನೆ ರಸ್ತೆಯ ಅಂಚಿನಲ್ಲಿ ನಿಂತ ಯಜಮಾನನನ್ನು ಅದು ಚೆನ್ನಾಗಿಯೇ ತಡೆಯುತ್ತದೆ. ನಿಮ್ಮ ಕಾರಿನಲ್ಲಿಯೂ ಅಂತಹ ನಟ್ಟುಗಳಿದ್ದರೆ, ಅವುಗಳ ಕೀಲಿ ಎಲ್ಲಿದೆಯೆಂಬುದನ್ನು ಇಂದೇ ನೋಡಿಕೊಳ್ಳಿರಿ.