ನಕ್ಷೆ ಬರೆಯುವಾಗ ಕರ್ಸರ್ ತಡವರಿಸಿದರೆ

ಕಾಫಿ ಕಣ, ಪಲ್ಪರ್ ಮನೆ, ಅಡಿಕೆ ಗೋದಾಮು, ಯಾವುದನ್ನು ಕಟ್ಟಿಸಹೊರಟರೂ ಅಂದಾಜುಪಟ್ಟಿಯ ಜೊತೆಗೆ ನಕ್ಷೆ ಬೇಕಾಗುತ್ತದೆ. ಹಿಂದೆ ಟ್ರೇಸಿಂಗ್ ಕಾಗದದ ಮೇಲೆ ಟಿ-ಸ್ಕ್ವೇರ್ ಇಟ್ಟು ಬರೆಯುತ್ತಿದ್ದ ಈ ನಕ್ಷೆಗಳನ್ನು ಈಗ ಗಣಕಯಂತ್ರದಲ್ಲಿ ಬರೆಯುತ್ತಾರೆ. ಬೆಳೆಗಾರ ಬಾಂಧವರ ಮಕ್ಕಳಲ್ಲಿ ಎಷ್ಟೋ ಜನ ಬೆಂಗಳೂರಿನಲ್ಲಿದ್ದು ಈ ಕೆಲಸ ಕಲಿತಿದ್ದಾರೆ. ಆದುದರಿಂದ ಈ ವಿಷಯ ನಮಗೆ ಸಂಬಂಧಿಸಿದ್ದಲ್ಲ ಎಂದು ಯಾರೂ ಪುಟ ತಿರುವಬಾರದಾಗಿ ಕೋರಿಕೆ.

ನನ್ನ ತಂಗಿಯ ಮಗ ಯಲಹಂಕ ಉಪನಗರದಲ್ಲಿ ಕೋಣೆ ಮಾಡಿಕೊಂಡಿದ್ದಾನೆ. ನಮ್ಮ ಕಣದ ನಕ್ಷೆ ಅವನ ಕೈಲೇ ಬರೆಸೋಣವೆಂದು ಹೋಗಿ ಮೂರು ದಿನ ಅಲ್ಲೇ ಇದ್ದೆ. ಕೊಯ್ಲಿಗೆ ಮೊದಲು ಕಣ ಮುಗಿಯಬೇಕು. ಕಂಟ್ರಾಕ್ಟರು ನಕ್ಷೆಗಾಗಿ ಕಾದು ಕುಳಿತಿದ್ದರು. ಹುಡುಗ ಮೌಸ್ ಸರಿಸಿದರೆ ಪರದೆಯ ಮೇಲಿನ ಕರ್ಸರ್ ಒಂದು ಕ್ಷಣ ನಿಂತು, ಆಮೇಲೆ ಕಪ್ಪೆಯಂತೆ ಹಾರುತ್ತಿತ್ತು. "ಮಾವ, ಹೊಸ ಕಂಪ್ಯೂಟರ್ ತಗೊಳ್ದೆ ಆಗಲ್ಲ" ಎಂದ. ಇದು ಬರೀ ಬೇಸರದ ಮಾತಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ಬಾಂದು ಕಲ್ಲಿನಿಂದ 2 ಮೀಟರ್ ಒಳಗಿರಬೇಕಾದ ಕಣದ ಗೋಡೆ, ಅಳೆದು ನೋಡಿದರೆ 1 ಮೀಟರ್ 10 ಸೆಂಟಿಮೀಟರಿನಲ್ಲಿತ್ತು! ಕರ್ಸರ್ ಹಾರಿದ ಗಳಿಗೆಯಲ್ಲಿ ಗೆರೆಯ ತುದಿ ಬೇರೊಂದು ಗೆರೆಗೆ ಕಚ್ಚಿಕೊಂಡಿತ್ತು. ಹಾಗೇ ಕಟ್ಟಿದ್ದರೆ ಗೋಡೆ ಪಕ್ಕದವರಿಗೂ ನಮಗೂ ಸೇರಿದ ಬಸಿಗಾಲುವೆಯ ಮೇಲೆ ಕೂರುತ್ತಿತ್ತು. ಇಂಥ ಜಗಳ ಎಷ್ಟು ತಲೆಮಾರು ನಡೆಯುತ್ತದೆಂಬುದನ್ನು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ.

ಮೊದಲು ಪರೀಕ್ಷಿಸತಕ್ಕದ್ದು ಇಷ್ಟೆ. ಕರ್ಸರ್ ಎಲ್ಲಾ ಕಡೆ ತಡವರಿಸುತ್ತದೆಯೋ, ನಕ್ಷೆಯ ತಂತ್ರಾಂಶದಲ್ಲಿ ಮಾತ್ರವೋ, ಅಥವಾ ಒಂದೇ ಒಂದು ನಕ್ಷೆಯಲ್ಲಿ ಮಾತ್ರವೋ? ಗಿಡ ಒಣಗಿದರೆ ಬೇರನ್ನು ನೋಡುವುದೋ ಎಲೆಯನ್ನು ನೋಡುವುದೋ ಎಂದು ತೀರ್ಮಾನಿಸಿದ ಹಾಗೆ.

ಎಲ್ಲಾ ಕಡೆ ತಡವರಿಸಿದರೆ ದೋಷ ಮೌಸಿನದಿರಬಹುದು. ಈಗಿನ ಮೌಸು ತನ್ನ ಕೆಳಗಿರುವ ಮೇಲ್ಮೈಯ ಚಿತ್ರವನ್ನು ಸೆಕೆಂಡಿಗೆ ಸಾವಿರಾರು ಸಲ ತೆಗೆದು, ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸದಿಂದ ಚಲನೆಯನ್ನು ಲೆಕ್ಕ ಹಾಕುತ್ತದೆ. ಗಾಜಿನ ಮೇಲೂ ಹೊಳೆಯುವ ಗ್ರಾನೈಟಿನ ಮೇಲೂ ಅದಕ್ಕೆ ಗುರುತು ಸಿಗುವುದು ಕಷ್ಟ. ದಪ್ಪ ಕಾಗದವೋ ಬಟ್ಟೆಯ ಹಾಸೋ ಸಾಕು. ತಂತಿಯಿಲ್ಲದ ಮೌಸಾದರೆ ಬ್ಯಾಟರಿ ಬದಲಿಸಿ, ಅದರ ಪುಟ್ಟ ರಿಸೀವರನ್ನು ಪೆನ್‌ಡ್ರೈವಿನ ಪಕ್ಕದಿಂದ ದೂರದ ಕಿಂಡಿಗೆ ಹಾಕಿ ನೋಡಬೇಕು.

ನಕ್ಷೆಯ ತಂತ್ರಾಂಶದಲ್ಲಿ ಮಾತ್ರ ತೊಂದರೆಯಿದ್ದರೆ ಮೊದಲು ಎಫ್ 9 ಕೀಲಿ ಒತ್ತಿ. 1982ರಲ್ಲಿ ಬಂದ ಆಟೋಕ್ಯಾಡಿನಲ್ಲಿ ಈ ಕೀಲಿ ಸ್ನ್ಯಾಪ್ ಎಂಬ ವ್ಯವಸ್ಥೆಯನ್ನು ಚಾಲೂ ಮಾಡುತ್ತದೆ, ಇಲ್ಲವೇ ನಿಲ್ಲಿಸುತ್ತದೆ. ಅದು ಚಾಲೂ ಇದ್ದರೆ ಕರ್ಸರ್ ಗೊತ್ತಾದ ಅಂತರಕ್ಕೊಮ್ಮೆ ಮಾತ್ರ ಹೆಜ್ಜೆ ಇಡುತ್ತದೆ. ಅದು ರೋಗವಲ್ಲ, ಕೈತಪ್ಪಿ ಒತ್ತಿದ ಕೀಲಿ. ಎಷ್ಟೋ ಜನ ಇದಕ್ಕಾಗಿ ಮೌಸನ್ನೇ ಬದಲಿಸಿದ್ದುಂಟು. ಎಫ್ 3ರ ಆಬ್ಜೆಕ್ಟ್ ಸ್ನ್ಯಾಪ್ ಬೇರೆ ವಿಷಯ. ಅಲ್ಲಿ ಹತ್ತಾರು ಬಗೆಯ ಬಿಂದುಗಳನ್ನು ಒಟ್ಟಿಗೆ ಆರಿಸಿಟ್ಟರೆ, ಕರ್ಸರ್ ಸರಿದಾಗಲೆಲ್ಲ ಯಂತ್ರ ಸುತ್ತಲಿನ ಗೆರೆಗಳನ್ನೆಲ್ಲ ಹುಡುಕುತ್ತದೆ. ಗೆರೆಯ ತುದಿ, ಗೆರೆಗಳು ಕೂಡುವ ಸ್ಥಳ, ಇವೆರಡನ್ನು ಉಳಿಸಿಕೊಂಡರೆ ಸಾಮಾನ್ಯ ಕೆಲಸಕ್ಕೆ ಸಾಕು. ನಮ್ಮ ಗೋಡೆ ತಪ್ಪು ಗೆರೆಗೆ ಕಚ್ಚಿಕೊಂಡದ್ದೂ ಇಲ್ಲಿಯೇ. ಎಫ್ 12 ಒತ್ತಿ ಕರ್ಸರಿನ ಬೆನ್ನಿಗೇ ಓಡಾಡುವ ಅಂಕಿಗಳ ಪೆಟ್ಟಿಗೆಯನ್ನೂ ನಿಲ್ಲಿಸಬಹುದು.

ಇಷ್ಟಕ್ಕೂ ಬಗ್ಗದಿದ್ದರೆ ಗ್ರಾಫಿಕ್ಸ್‌ಕಾನ್ಫಿಗ್ ಎಂಬ ಆಜ್ಞೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪು ಮಾಡಿ, ಹಾರ್ಡ್‌ವೇರ್ ಆಕ್ಸಲರೇಷನ್ ಎಂಬುದನ್ನು ಒಮ್ಮೆ ನಿಲ್ಲಿಸಿ, ಒಮ್ಮೆ ಚಾಲೂ ಮಾಡಿ ನೋಡತಕ್ಕದ್ದು. ನಿಲ್ಲಿಸಿದಾಗ ಸರಿಹೋದರೆ ಗ್ರಾಫಿಕ್ಸ್ ಡ್ರೈವರ್ ಹಳತಾಗಿರುವ ಸಂಭವವೇ ಹೆಚ್ಚು. ತಯಾರಕರಿಂದ ಹೊಸದನ್ನು ಪಡೆದು ಹಾಕಬೇಕು. ಲ್ಯಾಪ್‌ಟಾಪು ಬ್ಯಾಟರಿಯ ಮೇಲೆ ನಡೆಯುವಾಗ ಶಕ್ತಿ ಉಳಿಸಲು ತಾನೇ ನಿಧಾನಿಸುವುದೂ ಉಂಟು.

ನಮ್ಮ ಹುಡುಗನ ವಿಷಯದಲ್ಲಿ ಬೇರೆ ನಕ್ಷೆಗಳು ಸಲೀಸಾಗಿ ತೆರೆದವು, ನಮ್ಮ ತೋಟದ್ದು ಮಾತ್ರ ತಡವರಿಸಿತು. ಆಗ ಅವನ ಗುಟ್ಟು ಹೊರಬಿತ್ತು. ಅಡಿಕೆಯನ್ನು 9 ಅಡಿ ಅಂತರದಲ್ಲಿ ಹಾಕಿದರೆ ಎಕರೆಗೆ ಸುಮಾರು 538 ಮರ. ನಾಲ್ಕು ಎಕರೆಗೆ 2,150. ಪುಣ್ಯಾತ್ಮ ಒಂದೊಂದು ಮರಕ್ಕೂ ಸೋಗೆ ಸಹಿತ 40 ಗೆರೆ ಬರೆದಿದ್ದ! ಒಟ್ಟು 86,000 ಗೆರೆ. ಕಣದ ನಕ್ಷೆಗೆ ಸೋಗೆ ಏಕೆ? ಒಂದು ಪುಟ್ಟ ವೃತ್ತವನ್ನು ಬ್ಲಾಕ್ ಮಾಡಿ ಎಲ್ಲಾ ಕಡೆ ಕೂರಿಸಿದೆವು. ಒಂದರ ಮೇಲೊಂದು ಬಿದ್ದಿದ್ದ ಗೆರೆಗಳನ್ನು ಓವರ್‌ಕಿಲ್ ತೆಗೆಯಿತು, ಬಳಸದೆ ಉಳಿದಿದ್ದ ಕಸವನ್ನು ಪರ್ಜ್ ಗುಡಿಸಿತು, ಕೆಟ್ಟ ಭಾಗಗಳನ್ನು ಆಡಿಟ್ ಸರಿಪಡಿಸಿತು. ಇವನ್ನೆಲ್ಲ ಮಾಡುವ ಮೊದಲು ಕಡತದ ಒಂದು ಪ್ರತಿಯನ್ನು ಬೇರೆ ಕಡೆ ಇಟ್ಟಿರಬೇಕು.

ಕೊನೆಗೆ ಉಳಿದದ್ದು ಸ್ವಲ್ಪ ಸೂಕ್ಷ್ಮವಾದದ್ದು. ಸರ್ವೆಯವರು ಉಪಗ್ರಹದ ಉಪಕರಣದಿಂದ ಅಳೆದು ಕೊಟ್ಟ ಅಂಕಿಗಳು ಭೂಮಧ್ಯರೇಖೆಯಿಂದ ಎಣಿಸಿದವು. ಚಿಕ್ಕಮಗಳೂರಿನ ಸುತ್ತ ಈ ಉತ್ತರಾಂಕ ಸುಮಾರು 14,70,000 ಮೀಟರ್. ಹುಡುಗ ಅದನ್ನು ಮಿಲಿಮೀಟರಿಗೆ ತಿರುಗಿಸಿದ್ದರಿಂದ 147 ಕೋಟಿಯಾಯಿತು. ತಂತ್ರಾಂಶ 15 ಅಂಕಿಗಳವರೆಗೆ ಲೆಕ್ಕ ಇಟ್ಟುಕೊಂಡರೂ ಚಿತ್ರ ತೋರಿಸುವ ಭಾಗ ಸಾಮಾನ್ಯವಾಗಿ 7 ಅಂಕಿಗಳಲ್ಲೇ ದುಡಿಯುತ್ತದೆ. ಅಷ್ಟು ದೊಡ್ಡ ಸಂಖ್ಯೆಯಲ್ಲಿ ಕೊನೆಯ ಅಂಕಿಗಳು ಉದುರಿ ಗೆರೆಗಳು ನಡುಗುತ್ತವೆ. ಮತ್ತೆ ಮೀಟರಿಗೆ ತಂದು, ನಕ್ಷೆಯನ್ನೆಲ್ಲ ಪೂರ್ವದಿಂದ 5,80,000, ಉತ್ತರದಿಂದ 14,70,000 ಮೀಟರ್ ಕಳೆದು ಮೂಲಬಿಂದುವಿನ ಹತ್ತಿರಕ್ಕೆ ಸರಿಸಿದೆವು. ಎಷ್ಟು ಸರಿಸಿದೆವೆಂಬುದನ್ನು ನಕ್ಷೆಯ ಮೂಲೆಯಲ್ಲೇ ಬರೆಯಿಸಿದೆ. ಬರೆಯದಿದ್ದರೆ ನಾಳೆ ಸರ್ವೆ ಕಲ್ಲುಗಳಿಗೂ ಈ ನಕ್ಷೆಗೂ ತಾಳೆ ಹಾಕುವವರೇ ಇರುವುದಿಲ್ಲ.

ಹೊಸ ಕಂಪ್ಯೂಟರಿನ ಮಾತು ಮತ್ತೆ ಬರಲಿಲ್ಲ. ನಾಲ್ಕು ಮೂಲೆಗಳ ಅಂತರವನ್ನೂ ಡಿಸ್ಟ್ ಆಜ್ಞೆಯಿಂದ ಮತ್ತೊಮ್ಮೆ ಅಳೆಸಿ, ಎರಡು ಪ್ರತಿ ತೆಗೆಸಿಕೊಂಡು ಯಶವಂತಪುರದಲ್ಲಿ ರೈಲು ಹತ್ತಿದೆ. ಗೋಡೆ ಈಗ ಬಾಂದು ಕಲ್ಲಿನಿಂದ ಸರಿಯಾಗಿ 2 ಮೀಟರ್ ಒಳಗಿದೆ; ಟೇಪು ಹಿಡಿದು ನಾನೇ ಅಳೆದಿದ್ದೇನೆ.